ಗಾಡಿ ಹೊಡೆದ ಕಾಲಿಗೆ ದೋಣಿಯ ಚುಕ್ಕಾಣಿ

ಬೂಟು ತೊಳೆದುಕೊಟ್ಟವನು

ನ್ಯೂಜಿಲೆಂಡಿನಲ್ಲಿ ನನ್ನ ಬೂಟನ್ನು ಸರ್ಕಾರಿ ನೌಕರನೊಬ್ಬ ತೊಳೆದುಕೊಟ್ಟ. ಕೇಳಿದವರು ನಗುತ್ತಾರೆ, ಆದರೆ ದೇವರಾಣೆಗೂ ನಿಜ. ವಿಮಾನ ಇಳಿದು ತಪಾಸಣೆಯ ಸಾಲಿನಲ್ಲಿ ನಿಂತಿದ್ದೆವು. ಚಟ್ನಿಪುಡಿ, ಹುರಿಹಿಟ್ಟು ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡಿ ಬಿಟ್ಟವನು ನನ್ನ ಕ್ಯಾನ್ವಾಸ್ ಬೂಟಿನ ತಳ ಕಂಡು ನಿಂತುಬಿಟ್ಟ. "ಇದರಲ್ಲಿ ಮಣ್ಣಿದೆ" ಎಂದ. ಇರದೆ ಇನ್ನೇನು? ಹೊರಡುವ ಹಿಂದಿನ ದಿನ ಅಕ್ಕನ ಹೊಗೆಸೊಪ್ಪಿನ ಹೊಲವನ್ನೆಲ್ಲ ಸುತ್ತಿದ್ದೆ. ಪರದೇಶದ ಮಣ್ಣಿನಲ್ಲಿ ಬೀಜವೋ ಹುಳುವೋ ಬಂದು ತಮ್ಮ ಬೆಳೆ ಕೆಡಿಸೀತು ಎಂಬುದು ಅವರ ಭಯ. ಬೂಟನ್ನು ಒಳಗೆ ಒಯ್ದು, ಬ್ರಷ್ಷಿನಲ್ಲಿ ಉಜ್ಜಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದುಕೊಟ್ಟ. ನಮ್ಮಲ್ಲಾಗಿದ್ದರೆ ಇಷ್ಟಕ್ಕೆ ಮೂರು ಅರ್ಜಿ ಬರೆಸಿಕೊಳ್ಳುತ್ತಿದ್ದರು.

ಅಕ್ಕ ಹೊಸ ಹವಾಯಿ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. "ನೋಡ್ದಾ, ನಿನ್ ಕಾಲೇ ಸರಿಯಿಲ್ಲ ಕಣಮ್ಮಿ" ಎಂದು ನಕ್ಕಳು.

ನಾನು ಗಿರಿಜಾ. ಪಿರಿಯಾಪಟ್ಟಣ, ಹುಣಸೂರು ಕಡೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಕಿಯಾಗಿ ಸೀಟಿ ಊದಿ, ಈಗ ನಿವೃತ್ತಳಾದವಳು. ಅಕ್ಕ ನಾಗರತ್ನ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ಗುರುಪುರದ ಹತ್ತಿರ ಬೇಸಾಯ. ಅವಳ ಮಗಳು ಚಂದನಾ ಇಲ್ಲಿಯ ನೆಲ್ಸನ್ ಎಂಬ ಕಡಲ ಊರಿನಲ್ಲಿ ನರ್ಸ್. ಅಮ್ಮನನ್ನೂ ಚಿಕ್ಕಮ್ಮನನ್ನೂ ಒಟ್ಟಿಗೆ ಕರೆಸಿಕೊಂಡಿದ್ದಳು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ಮೂರು ವರ್ಷದ ಹಿಂದೆ ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹುಣಸೂರಿಗೆ ಬರುತ್ತಿದ್ದೆ. ಹಿಂದಿನಿಂದ ಅವಳೇನೋ ಕೇಳಿದಳು. ಉತ್ತರ ಹೇಳಲು ಕತ್ತು ತಿರುಗಿಸಿದೆ. ರಸ್ತೆಗೆ ಸುರಿದಿದ್ದ ಜಲ್ಲಿ ಕಾಣಲಿಲ್ಲ. ನನಗೆ ಮೊಣಕೈ ತರಚಿತು, ಅಕ್ಕನಿಗೆ ಹೆಗಲ ಮೂಳೆ ಮುರಿಯಿತು. ಎರಡು ತಿಂಗಳು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದಳು. ಒಂದೇ ಒಂದು ದಿನ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಅವಳ ಮನೆ ಮುಂದೆ ಸ್ಕೂಟರ್ ತಂದು ನಿಲ್ಲಿಸಿದಾಗಲೆಲ್ಲ ಒಂದೇ ಮಾತು: "ನಿಂಗ್ಯಾಕೆ ತೊಂದ್ರೆ ಬುಡು, ಬಸ್ ಬತ್ತದಲ್ಲ." ಆ ಮಾತು ಕೇಳಿ ಸ್ಕೂಟರ್ ತಿರುಗಿಸಿಕೊಂಡು ಒಬ್ಬಳೇ ಬರುತ್ತಿದ್ದೆ. ಅಕ್ಕನನ್ನು ಇನ್ನೊಂದು ಸಲ ನನ್ನ ಗಾಡಿಗೆ ಹತ್ತಿಸಿಕೊಳ್ಳದೆ ಬಿಡುವುದಿಲ್ಲ ಎಂದು ಆಗಲೇ ಹಟ ಹಿಡಿದಿದ್ದೆ. ಆ ಗಾಡಿ ಸಮುದ್ರದ ಮೇಲೆ ಸಿಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಡ್ರೈವರಿಗೆ ಥ್ಯಾಂಕ್ಸ್

ನೆಲ್ಸನ್ನಿನವರದು ವಿಚಿತ್ರ ಅಭ್ಯಾಸ. ಅಂಗಡಿಗೆ ಬರಿಗಾಲಲ್ಲಿ ಬರುತ್ತಾರೆ. ಬಡವರಲ್ಲ, ಕಾರಿನಿಂದ ಇಳಿದು ಬರಿಗಾಲಲ್ಲೇ ಹಾಲು, ಬ್ರೆಡ್ಡು ಕೊಂಡು ಹೋಗುತ್ತಾರೆ. "ದೇವಸ್ತಾನಕ್ಕೆ ಬಂದಂಗೆ ಬತ್ತರಲ್ಲೇ" ಎಂದು ಅಕ್ಕನಿಗೆ ಆಶ್ಚರ್ಯ. ಇನ್ನೊಂದು, ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುವುದು. ನಮ್ಮ ಕೆ.ಆರ್. ನಗರದ ಬಸ್ಸಿನಲ್ಲಿ ಹಾಗೆ ಹೇಳಿ ನೋಡಿ, "ಯಾಕಮ್ಮ, ನಿಮ್ ಸ್ಟಾಪ್ ಬುಟ್ಟು ಮುಂದಕ್ ಬಂದ್ಬುಟ್ನಾ?" ಎಂದು ಗಾಬರಿಯಾಗುತ್ತಾನೆ.

ಆ ಬಸ್ಸಿನಲ್ಲಿ ಕೂತ ಐದು ನಿಮಿಷಕ್ಕೆ ಅಕ್ಕ ಗೊರಕೆ ಹೊಡೆಯುತ್ತಿದ್ದಳು. ಹೆಸರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಡ್ರೈವರನ್ನು ನಂಬಿ ನಿದ್ದೆ. ನನಗೆ ಸಿಟ್ಟೇ ಬಂತು.

ಸಿಟ್ಟು ಯಾಕೆಂದರೆ, ನಮ್ಮ ಮನೆಯಲ್ಲಿ ನಿದ್ದೆಗೆ ಒಂದು ಲೆಕ್ಕವಿತ್ತು. ಚುಂಚನಕಟ್ಟೆಯ ಹತ್ತಿರ ನಮ್ಮಪ್ಪನಿಗೆ ಕಬ್ಬಿನ ಗದ್ದೆ. ಗಂಡುಮಕ್ಕಳಿಲ್ಲದ ಮನೆ, ಹಾಗಾಗಿ ಕಬ್ಬು ಸಾಗಿಸುವ ಎತ್ತಿನ ಗಾಡಿಯನ್ನು ನಾವಿಬ್ಬರೇ ಹೊಡೆಯುತ್ತಿದ್ದೆವು. ಕಬ್ಬು ಇಳಿಸಿ ಬರಿಗಾಡಿಯಲ್ಲಿ ವಾಪಸ್ ಬರುವಾಗ ಅಕ್ಕ ಗಾಡಿ ಹೊಡೆದರೆ ಅಪ್ಪ ಬೀಡಿ ಸೇದುತ್ತ ಎಚ್ಚರವಾಗಿ ಕೂರುತ್ತಿದ್ದರು. ನಾನು ಹೊಡೆದರೆ ಗೋಣಿಚೀಲ ಹಾಸಿಕೊಂಡು ಮಲಗಿಬಿಡುತ್ತಿದ್ದರು. ಗಾಡಿ ಕುಲುಕಿದಾಗ ಅರೆಗಣ್ಣು ತೆರೆದು "ಬಂದ್ವೇನಮ್ಮಿ?" ಎನ್ನುತ್ತಿದ್ದರು. "ಇನ್ನೂ ಇಲ್ಲ ಕಣಪ್ಪ, ಮನಿಕ್ಕೋ" ಎನ್ನುತ್ತಿದ್ದೆ. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಆಮೇಲೆ ಯಾವ ಕ್ರೀಡಾಕೂಟದಲ್ಲೂ ಸಿಗಲಿಲ್ಲ.

ನಮ್ಮನ್ನು ಒಂದು ದಿನ ಕಯಾಕ್ ಎಂಬ ದೋಣಿಯಲ್ಲಿ ಕಳಿಸುವುದೆಂದು ಚಂದನಾಳೇ ಏರ್ಪಾಡು ಮಾಡಿದಳು. ತಾನೂ ಬರಬೇಕೆಂದಿದ್ದವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಯಿತು. "ನೀವಿಬ್ರೂ ನಾಲೆಲಿ ಈಜ್ಕೊಂಡು ಬೆಳೆದೋರು. ಸಾಯಂಕಾಲ ದಡದಲ್ಲಿ ಕಾಯ್ತಿರ್ತೀನಿ" ಎಂದಳು.

ಮರಳ ದಂಡೆ

ದೋಣಿಯವರ ಕಡೆಯಿಂದ ಬಂದವಳು ಹೆಲೆನ್. ಅರವತ್ತು ದಾಟಿದ ಬಿಳಿಕೂದಲಿನ ಹೆಂಗಸು, ಅವಳೂ ಬರಿಗಾಲು. ಆ ದಿನ ಪ್ರವಾಸಿಗಳೆಂದು ನಾವಿಬ್ಬರೇ. ಸಮುದ್ರ ನಮ್ಮ ಕಬಿನಿ ಹಿನ್ನೀರಿನ ಹಾಗೆ ಸಪ್ಪಗೆ ಬಿದ್ದಿತ್ತು.

ದೋಣಿ ನೋಡಿದೆ. ಹತ್ತಿರ ಹತ್ತಿರ ಇಪ್ಪತ್ತು ಅಡಿ ಉದ್ದ, ಅಗಲ ಮಾತ್ರ ಒಬ್ಬರು ಕೂರುವಷ್ಟು. ಮೇಲೆ ಎರಡು ತೂತು, ಒಂದರ ಹಿಂದೆ ಒಂದು. ನಮ್ಮ ಹರಿಗೋಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತೇವೆ, ಮಾತು, ಎಲೆ ಅಡಿಕೆ ಎಲ್ಲ ಸಾಗುತ್ತದೆ. ಇಲ್ಲಿ ಮುಂದಿನವರಿಗೆ ಹಿಂದಿನವರ ಮುಖ ಕಾಣುವುದೇ ಇಲ್ಲ. ನೀರು ಒಳಗೆ ಬಾರದಂತೆ ಸೊಂಟಕ್ಕೆ ರಬ್ಬರಿನ ಲಂಗದಂಥದ್ದೊಂದು ತೊಡಿಸಿದಳು. ಸೀರೆಯ ಮೇಲೆ ಸಾಧ್ಯವೇ ಇಲ್ಲವೆಂದು ಅಕ್ಕ ಮಗಳ ಪ್ಯಾಂಟು ಹಾಕಿಕೊಂಡು ಬಂದಿದ್ದಳು. "ಗುರುಪುರದೋರು ಯಾರಾರಾ ನೋಡಿದ್ರೆ ಕತೆ ಮುಗೀತು" ಎಂದು ಸುತ್ತಮುತ್ತ ನೋಡಿದಳು.

ದೋಣಿಯ ಹಿಂತುದಿಯಲ್ಲಿ ಒಂದು ತೆಳ್ಳನೆಯ ಲೋಹದ ಅಲಗು. ಅದೇ ಚುಕ್ಕಾಣಿ. ದಡದಲ್ಲಿ ಮೇಲಕ್ಕೆ ಮಡಚಿರುತ್ತದೆ, ನೀರಿಗಿಳಿದ ಮೇಲೆ ಹಗ್ಗ ಎಳೆದರೆ ನೀರೊಳಗೆ ಇಳಿಯುತ್ತದೆ. ಅದರಿಂದ ಎರಡು ತಂತಿ ದೋಣಿಯ ಎರಡು ಪಕ್ಕದಲ್ಲಿ ಹರಿದು ಹಿಂದಿನ ಸೀಟಿನವರ ಪಾದಗಳ ಹತ್ತಿರದ ಎರಡು ಪೆಡಲಿಗೆ ಕೂಡುತ್ತವೆ. ಕೈಯಲ್ಲಿ ಹುಟ್ಟು ಹಾಕುವುದು, ಕಾಲಲ್ಲಿ ದಿಕ್ಕು ತಿರುಗಿಸುವುದು.

"ಬಲಗಾಲು ಒತ್ತಿದರೆ ಬಲಕ್ಕೆ, ಎಡಗಾಲು ಒತ್ತಿದರೆ ಎಡಕ್ಕೆ" ಎಂದಳು ಹೆಲೆನ್. "ಮೆಲ್ಲಗೆ ಒತ್ತಿ ಕಾಯಬೇಕು, ದೋಣಿ ತಡವಾಗಿ ಕೇಳುತ್ತದೆ."

ನನಗೇ ಎಡ ಬಲ ಹೇಳಿಕೊಡಲು ಬಂದಳಲ್ಲ! ಎಷ್ಟು ಸಾವಿರ ಮಕ್ಕಳಿಗೆ ಹೇಳಿಕೊಟ್ಟಿಲ್ಲ ನಾನು! ತಲೆಯಾಡಿಸಿ ಹಿಂದಿನ ಸೀಟಿನ ಕಡೆ ನಡೆದೆ.

"ಹಿಂದೆ ನಾನು ಕೂರ್ತೀನಿ" ಎಂದಳು ಅಕ್ಕ ತಟ್ಟನೆ.

ಕೂತಳು. ಪೆಡಲ್ ಒತ್ತಿದಳು. ಮಂಡಿನೋವಿನವಳು, ಎರಡು ಸಲ ಒತ್ತುವಷ್ಟರಲ್ಲಿ ಮುಖ ಕಿವುಚಿಕೊಂಡಿತು. ಹೆಲೆನ್ ಕೈ ಹಿಡಿದು ಎಬ್ಬಿಸಿ ಮುಂದಿನ ಸೀಟು ತೋರಿಸಿದಳು. ಅಕ್ಕ ನನ್ನನ್ನೊಮ್ಮೆ, ನೀರನ್ನೊಮ್ಮೆ ನೋಡಿದಳು. ಬಸ್ಸಂತೂ ಇರಲಿಲ್ಲ. ಮುಂದೆ ಹತ್ತಿ ಕೂತಳು.

ಬಂಡೆ

ಮೊದಲ ಅರ್ಧ ಗಂಟೆ ನೆಟ್ಟಗೆ ಹೋದೆವು. ನೆಟ್ಟಗೆ ಹೋಗಲು ಚುಕ್ಕಾಣಿಯೇನೂ ಬೇಕಾಗಿರಲಿಲ್ಲ. ಆದರೂ ಅಕ್ಕ ನಿಮಿಷಕ್ಕೊಂದು ಸಲ ಹಿಂದೆ ತಿರುಗಿ ನನ್ನನ್ನು ನೋಡುತ್ತಿದ್ದಳು. ಅವಳು ತಿರುಗಿದಾಗಲೆಲ್ಲ ದೋಣಿ ಒಂದು ಕಡೆ ವಾಲುತ್ತಿತ್ತು.

"ಮುಂದೆ ನೋಡಕ್ಕ!"

"ನೋಡ್ತಿದ್ದೀನಿ ಕಣೆ. ನೀನ್ ನೋಡ್ತಿದ್ದೀಯಾ?"

ನಾನು ಇನ್ನೂ ಜೋರಾಗಿ ಹುಟ್ಟು ಹಾಕಿದೆ.

ಕೊಲ್ಲಿಯ ಮೂಲೆ ತಿರುಗುವಲ್ಲಿ ಒಂದು ಬಂಡೆ ಇತ್ತು, ಅದರ ತುಂಬ ನೀರುಕಾಗೆಗಳು. ನಮ್ಮ ಬಲಕ್ಕೆ ಬಂಡೆ, ಎಡಕ್ಕೆ ಬಯಲು ನೀರು. "ಎಡಕ್ಕೆ, ಗಿರಿಜಾ, ಎಡಕ್ಕೆ!" ಎಂದು ಹೆಲೆನ್ ತನ್ನ ದೋಣಿಯಿಂದ ಕೂಗಿದಳು. ನಾನು ಒತ್ತಿದೆ. ದೋಣಿ ಬಲಕ್ಕೆ ತಿರುಗಿತು. ಸಾಲದೆಂದು ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಬಲಕ್ಕೆ ತಿರುಗಿತು. ಅಯ್ಯಯ್ಯೋ ಎನ್ನುವಷ್ಟರಲ್ಲಿ ಹಕ್ಕಿಗಳೆಲ್ಲ ಭರ್ರೆಂದು ಎದ್ದವು, ದೋಣಿಯ ಮೂತಿ ಬಂಡೆಗೆ ಗರಗರ ಉಜ್ಜಿತು, ಅಕ್ಕನ ಹುಟ್ಟು ಕಲ್ಲಿಗೆ ಬಡಿದು ಕೈಯಿಂದ ಹಾರಿತು. ಬಡಿದದ್ದು ಅವಳ ಅದೇ ಹೆಗಲಿನ ಕಡೆ.

ಮುಳುಗಲಿಲ್ಲ. ಮೈಗೂ ಏನೂ ಆಗಲಿಲ್ಲ. ಹೆಲೆನ್ ಬಂದು ನಮ್ಮನ್ನು ಹಿಂದಕ್ಕೆ ಎಳೆದಳು, ತೇಲುತ್ತಿದ್ದ ಹುಟ್ಟನ್ನು ಹಿಡಿದುಕೊಟ್ಟಳು, ಹಗ್ಗ ಕಟ್ಟಿ ಊಟಕ್ಕೆ ನಿಲ್ಲಬೇಕಿದ್ದ ದಂಡೆಯವರೆಗೆ ತನ್ನ ದೋಣಿಯ ಹಿಂದೆ ಎಳೆದುಕೊಂಡು ಹೋದಳು. ಆ ಹಗ್ಗದ ಹಿಂದೆ ತೇಲುತ್ತ ಹೋದಾಗಿನ ಅವಮಾನ ಯಾರಿಗೂ ಬೇಡ. ಅಕ್ಕ ಹೆಗಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಬುತ್ತಿಯ ಹೊತ್ತು

ಆ ದಂಡೆಗೆ ಎರಡು ಗಂಟೆಗೆ ಒಂದು ಮೋಟಾರು ದೋಣಿ ಬರುತ್ತದೆ, ಸುಸ್ತಾದವರು ಅದರಲ್ಲಿ ಹಿಂತಿರುಗಬಹುದು ಎಂದಳು ಹೆಲೆನ್. ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನು. ಹೇಳಿದೆ.

ಅಕ್ಕ ಚಪಾತಿ ಸುರುಳಿ ಸುತ್ತುತ್ತ ನನ್ನ ಮುಖ ನೋಡದೆ ಅಂದಳು: "ನಿಂಗ್ಯಾಕೆ ತೊಂದ್ರೆ. ಮೋಟ್ರು ಬತ್ತದಂತಲ್ಲ, ನಾನು ಅದ್ರಲ್ಲಿ ಬತ್ತೀನಿ ಬುಡು."

ಊಟ ಅರ್ಧಕ್ಕೇ ಬಿಟ್ಟೆ. ಎದ್ದು ಹೋಗಿ ಮರಳ ಮೇಲಿದ್ದ ದೋಣಿಯೊಳಗೆ ಕೂತುಕೊಂಡೆ. ಎರಡು ಗಂಟೆಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಇಷ್ಟು ವಯಸ್ಸಾಗಿ, ಸಾಲುಸಾಲು ಮಕ್ಕಳನ್ನು ಮೈದಾನದ ತುಂಬ ತಿರುಗಿಸಿ, ನನಗೆ ಎಡ ಬಲ ಬರುವುದಿಲ್ಲವೆಂದರೆ ನಾನು ಒಪ್ಪುವವಳಲ್ಲ. ಎಡ ಎಂದುಕೊಂಡೆ, ಒತ್ತಿದೆ, ಹಿಂದೆ ತಿರುಗಿ ಅಲಗು ನೋಡಿದೆ. ತಪ್ಪು. ಮತ್ತೆ ಎಡ ಎಂದುಕೊಂಡೆ, ಯೋಚಿಸಿ ಒತ್ತಿದೆ. ಸರಿ. ಬೇಗ ಬೇಗ ಒತ್ತಿದೆ. ತಪ್ಪು, ತಪ್ಪು, ತಪ್ಪು. ಯೋಚಿಸಿದರೆ ಸರಿ, ಗಾಬರಿಯಾದರೆ ತಪ್ಪು. ಪೆಡಲಿಗೆ ಒಂದು ಒದ್ದೆ.

ಹೆಲೆನ್ ಬಂದು ನೋಡಿದಳು. "ತಂತಿ ಎರಡನ್ನೂ ಅದಲು ಬದಲು ಕಟ್ಟಿಬಿಡಲಾ? ಎರಡೇ ನಿಮಿಷ. ಆಗ ನಿನ್ನ ಕಾಲು ಹೇಳಿದಂತೆ ದೋಣಿ ಕೇಳುತ್ತದೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ಬೇಡ. ಕಾಲೇ ಕಲಿಯಲಿ" ಎಂದೆ.

ಅಕ್ಕ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ನಿಂತಿದ್ದಳು. ದೋಣಿಯ ತೂತಿನೊಳಗೆ ಬಗ್ಗಿ ನನ್ನ ಪಾದಗಳನ್ನೇ ನೋಡಿದಳು. ಬೂಟು ಬಿಚ್ಚಿಟ್ಟಿದ್ದೆ. ಇದ್ದಕ್ಕಿದ್ದಂತೆ ಅವಳು ಕೂಗಿದ ಕೂಗಿಗೆ ಹೆಲೆನ್ ಬೆಚ್ಚಿಬಿದ್ದಳು.

"ಲೇ! ನೀನು ಬೋರನ್ನ ತಿವೀತಿದ್ದೀಯ ಕಣಮ್ಮಿ!"

ಬೋರ! ನಮ್ಮ ಗಾಡಿಯ ಬಲಗಡೆಯ ಎತ್ತು. ಎಡಗಡೆಯದು ಕೆಂದ. ಗಾಡಿಯ ಮುಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಪಾದ ನೇರವಾಗಿ ಎತ್ತುಗಳ ತೊಡೆಗೆ ತಾಗುತ್ತದೆ. ಗಾಡಿ ಎಡಕ್ಕೆ ತಿರುಗಬೇಕೆಂದರೆ ಬಲಗಾಲ ಹೆಬ್ಬೆರಳಿನಿಂದ ಬೋರನನ್ನು ತಿವಿಯುತ್ತಿದ್ದೆ. ಅವನು ಬಿರಬಿರನೆ ಹೆಜ್ಜೆ ಹಾಕುತ್ತಿದ್ದ, ಕೆಂದ ನಿಧಾನವಾಗುತ್ತಿದ್ದ, ಗಾಡಿ ಎಡಕ್ಕೆ ಹೊರಳುತ್ತಿತ್ತು. ಬಲಕ್ಕೆ ಬೇಕಾದರೆ ಕೆಂದನನ್ನು ತಿವಿಯುವುದು. ದೋಣಿಗೆ ಇದರ ತದ್ವಿರುದ್ಧ. ಸೀಟಿ ಊದಿದ್ದು ಬಾಯಿ, ಕಾಲಿಗೆ ಪಾಠ ಹೇಳಿದವರು ಎತ್ತುಗಳು. ಎತ್ತು ಹೋಗಿ ನಲವತ್ತು ವರ್ಷವಾದರೂ ಕಾಲು ಮರೆತಿರಲಿಲ್ಲ.

ಹೆಲೆನ್‌ಗೆ ವಿವರಿಸಿದೆ. ಅವಳು ಮರಳ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತಳು.

"ಕೂತ್ಕೊ ನೆಟ್ಟಗೆ. ನಾನ್ ಹೇಳ್ತೀನಿ, ನೀನ್ ಒತ್ತು. ಬೋರ ಸತ್ತೋದ, ಕೆಂದ ಸತ್ತೋದ. ಎಲ್ಲಿಗ್ ಹೋಗ್ಬೇಕೋ ಆ ಕಾಲು. ಎಡಕ್ಕೆ ತಿರುಗ್!"

ಒತ್ತಿದೆ.

"ತಪ್ಪು! ಬಲಕ್ಕೆ ತಿರುಗ್! ಎಡಕ್ಕೆ! ಎಡಕ್ಕೆ! ಬಲಕ್ಕೆ! ಏನ್ ಮೇಡಂ, ಹಿಂಗೇನಾ ಮಕ್ಕಳಿಗೆ ಹೇಳ್ಕೊಟ್ಟಿದ್ದು?"

ಅರ್ಧ ಗಂಟೆ ಡ್ರಿಲ್ ಮಾಡಿಸಿದಳು. ನಾನು ಯಾವ ಮಗುವಿಗೂ ಅಷ್ಟು ನಿರ್ದಯವಾಗಿ ಮಾಡಿಸಿಲ್ಲ. ಪಾದ ನೋಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ನಡುನಡುವೆ ಬೇಕೆಂದೇ ಕಿರುಚಿ ಗಾಬರಿ ಹುಟ್ಟಿಸುತ್ತಿದ್ದಳು. ಕೊನೆಗೆ ಸಾಲಾಗಿ ಇಪ್ಪತ್ತು ಸಲ ಸರಿಯಾದಾಗ ಅವಳೇ ಸುಸ್ತಾಗಿ ಮರಳ ಮೇಲೆ ಕೂತಳು.

ಆಗಲೇ ಮೋಟಾರು ದೋಣಿ ಬಂತು. ದಂಡೆಗೆ ಮೂತಿ ತಾಗಿಸಿ ನಿಂತಿತು. ನಾನು ತಲೆ ತಗ್ಗಿಸಿಕೊಂಡೇ ಅಂದೆ: "ಅಕ್ಕ, ನಿನ್ ಮೂಳೆ ಮುರ್ದಿದ್ದು ನನ್ನಿಂದ. ನಾನು ಹಿಂದಕ್ಕೆ ತಿರುಗಬಾರ್ದಿತ್ತು. ಮೂರು ವರ್ಷದಿಂದ ಹೇಳ್ಬೇಕು ಅಂತಿದ್ದೆ."

"ಗೊತ್ತು ಕಣೆ" ಎಂದಳು ಅಕ್ಕ. "ನನಗೂ ಬೈಬೇಕು ಅಂತಿತ್ತು. ಬೈದ್ರೆ ಅತ್ಬುಡ್ತೀಯ ಅಂತ ಸುಮ್ಕಾದೆ. ಸ್ಕೂಟರ್ ಕಂಡ್ರೆ ಈಗ್ಲೂ ಎದೆ ಡವಡವ ಅಂತದೆ."

ಮೋಟಾರು ದೋಣಿಯವನು ಕೈ ಬೀಸಿ ಕರೆದ. ಅಕ್ಕ ಎದ್ದು ಮರಳು ಕೊಡವಿಕೊಂಡಳು. ಅವನ ಕಡೆ ಹೋಗುತ್ತಾಳೆಂದುಕೊಂಡೆ. ಅವಳು ಅವನಿಗೆ ಹೋಗು ಹೋಗು ಎಂದು ಕೈಯಾಡಿಸಿ, ಕನ್ನಡದಲ್ಲೇ, "ನೀನ್ ನಡಿಯಪ್ಪ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅವತ್ತು ನಾನ್ ಹಿಂದೆ ಇದ್ದೆ, ನೀನ್ ತಿರುಗ್ದೆ. ಇಲ್ಲಿ ನಾನೇ ಮುಂದೆ ಇರ್ತೀನಲ್ಲ, ನೀನ್ ತಿರುಗೋ ಹಂಗೇ ಇಲ್ಲ. ನಡಿ."

ಬೆನ್ನ ಗಾಳಿ

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತ್ತು. ನಮ್ಮ ಬೆನ್ನಿಗೇ ಬೀಸುತ್ತಿತ್ತು. ಒಳ್ಳೆಯದೇ ಆಯಿತೆಂದುಕೊಂಡರೆ, ಇದೇ ಕಷ್ಟದ್ದು ಎಂದಳು ಹೆಲೆನ್. ಹಿಂದಿನಿಂದ ಅಲೆ ಬಂದು ದೋಣಿಯ ಬಾಲವನ್ನೆತ್ತಿ ಪಕ್ಕಕ್ಕೆ ತಳ್ಳುತ್ತದೆ. ಪ್ರತಿ ಅಲೆಗೂ ಕಾಲು ಎಚ್ಚರವಾಗಿರಬೇಕು. ಅಲೆ ಎತ್ತಿದಾಗ ಚುಕ್ಕಾಣಿ ನೀರು ಬಿಟ್ಟು ಗಾಳಿಯಲ್ಲಿರುತ್ತದೆ, ಆಗ ಒತ್ತಿ ಪ್ರಯೋಜನವಿಲ್ಲ. ಕೆಳಗಿಳಿದಾಗ ಒತ್ತಿದರೆ ಕೇಳುತ್ತದೆ.

ಮೊದಲ ನಾಲ್ಕೈದು ಅಲೆಗೆ ಅಕ್ಕ ಹಿಂದೆ ತಿರುಗಿ ನೋಡಿದಳು. ನನ್ನ ಕಣ್ಣು ಅವಳ ತಲೆಯಾಚೆ ನೀರಿನ ಮೇಲೇ ಇತ್ತು. ಎಡ. ಬಲ. ಬಲ. ಕಾಯು. ಎಡ. ಬೋರನ ನೆನಪು ಬಂದಾಗ ಹಲ್ಲು ಕಚ್ಚಿ ಬಲಗಾಲನ್ನು ತಡೆದೆ. ಬೆಳಗಿನ ಬಂಡೆ ಬಂತು. ನೀರುಕಾಗೆಗಳು ನಮ್ಮನ್ನು ನೋಡಿ ಒಮ್ಮೆಲೇ ರೆಕ್ಕೆ ಬಿಚ್ಚಿದವು, ಗುರುತು ಹಿಡಿದಿರಬೇಕು. ಈ ಸಲ ಬಂಡೆ ಎಡಕ್ಕೆ. ನಾನು ಬಲಕ್ಕೆ ಹೋಗಬೇಕು. ಬಲಗಾಲು ಒತ್ತಿದೆ. ಕಾದೆ. ದೋಣಿ ತಡವಾಗಿ, ಆದರೆ ಹೇಳಿದಂತೆಯೇ, ಬಲಕ್ಕೆ ಹೊರಳಿತು. ಬಂಡೆ ಎಡಗಡೆ ದೂರದಲ್ಲಿ ಹಿಂದೆ ಸರಿಯಿತು. ಹಕ್ಕಿಗಳು ಕೂತಲ್ಲೇ ಕೂತವು.

"ಹ್ಞೂ" ಎಂದಳು ಅಕ್ಕ. ಅಷ್ಟೇ.

ಬಂಡೆ ದಾಟಿ ಕೊಲ್ಲಿಯೊಳಗೆ ಬಂದ ಮೇಲೆ ಅಲೆ ತಗ್ಗಿತು. ಹುಟ್ಟು ನಿಲ್ಲಿಸಿ, ಗಾಳಿಯೇ ಒಯ್ಯುತ್ತದೆ, ಹಿಂದಿನವರು ಕಾಲಲ್ಲಿ ದಾರಿ ಹಿಡಿದರೆ ಸಾಕು ಎಂದಳು ಹೆಲೆನ್. ಅಕ್ಕ ಹುಟ್ಟನ್ನು ಅಡ್ಡಲಾಗಿ ಮಡಿಲ ಮೇಲಿಟ್ಟುಕೊಂಡಳು. ನಾನು ಬೆರಳಿನ ತುದಿಯಲ್ಲಿ ಪೆಡಲನ್ನು ಮುಟ್ಟುತ್ತ ಬಿಡುತ್ತ ಹೋದೆ. ಎಷ್ಟೋ ಹೊತ್ತಾದ ಮೇಲೆ ಹೊಳೆಯಿತು, ಅಕ್ಕ ಹಿಂದೆ ತಿರುಗಿ ನೋಡಿ ಬಹಳ ಹೊತ್ತಾಗಿದೆ ಎಂದು.

ಅವಳ ಟೋಪಿ ಮುಂದಕ್ಕೆ ಬಾಗಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತಿತ್ತು.

ಹೆಲೆನ್ ಗಾಬರಿಯಿಂದ ತನ್ನ ದೋಣಿಯನ್ನು ಪಕ್ಕಕ್ಕೆ ತಂದಳು. "ಅವರಿಗೆ ಹುಷಾರಿಲ್ಲವಾ?"

"ಹುಷಾರಾಗಿದ್ದಾಳೆ. ನಿದ್ದೆ" ಎಂದೆ.

"ಕಯಾಕಿನಲ್ಲಿ ನಿದ್ದೆಯಾ!"

ನನಗೆ ಅಳು ಬಂತು. ಎರಡೂ ಕೈ ಹುಟ್ಟಿನ ಮೇಲೆ ಇದ್ದದ್ದರಿಂದ ಕಣ್ಣು ಒರೆಸಿಕೊಳ್ಳಲಿಲ್ಲ, ದಾರಿ ಕಂಡರೆ ಸಾಕು ಎಂದು ರೆಪ್ಪೆ ಬಡಿದುಕೊಂಡು ಮುಂದೆಯೇ ನೋಡಿದೆ. ಹೆಲೆನ್ ಏನು ಅರ್ಥ ಮಾಡಿಕೊಂಡಳೋ, ಅಕ್ಕ ವಾಲಿದರೆ ಹಿಡಿಯುವಷ್ಟು ಹತ್ತಿರದಲ್ಲೇ ಸದ್ದಿಲ್ಲದೆ ಬಂದಳು.

ದಡ ಕಾಣತೊಡಗಿತು. ಚಂದನಾ ಮರಳ ಮೇಲೆ ನಿಂತು ಎರಡೂ ಕೈ ಬೀಸುತ್ತಿದ್ದಳು. ಒಂದು ಪುಟ್ಟ ಅಲೆ ದೋಣಿಯನ್ನು ಕುಲುಕಿತು. ಅಕ್ಕ ಟೋಪಿಯೊಳಗಿನಿಂದಲೇ, ಕತ್ತು ತಿರುಗಿಸದೆ, ತೊದಲಿದಳು.

"ಬಂದ್ವೇನಮ್ಮಿ?"

"ಇನ್ನೂ ಇಲ್ಲ ಕಣಕ್ಕ, ಮನಿಕ್ಕೋ" ಎಂದೆ. ಎಡಗಾಲು ಒತ್ತಿ, ಕಾದು, ದೋಣಿಯನ್ನು ದಡ ಬಿಟ್ಟು ಆಚೆಗೆ ಇನ್ನೊಂದು ಸುತ್ತಿಗೆ ತಿರುಗಿಸಿದೆ.